ಹಲಗೂರಿನ ಅಜ್ಜಿಯ ಪಟ್ಟೆ ಮರಿಗಳು

ಮೊನ್ನೆ ಮದ್ದೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಎಲ್ಲಿಂದಲೋ ತೌಡು ಬೇಯುವ ವಾಸನೆ ಬಂತು. ಪಕ್ಕದಲ್ಲಿದ್ದವರು ಮೂಗು ಮುಚ್ಚಿಕೊಂಡರು. ನಾನು ಮಾತ್ರ ಆಸೆಯಿಂದ ಉಸಿರೆಳೆದುಕೊಂಡೆ. ಹಲಗೂರಿನ ಅಜ್ಜಿಯೊಬ್ಬರ ಅಂಗಳದ ವಾಸನೆ ಅದು... ತಮ್ಮ ಹಂದಿಗಳಿಗೆ ತೌಡು, ಮುಸುರೆ ಸೇರಿಸಿ ದೊಡ್ಡ ಹಂಡೆಯಲ್ಲಿ ಕುದಿಸುತ್ತಿದ್ದರು.

ಆಗ ನಾನು ಪಶುವೈದ್ಯ ಓದು ಮುಗಿಸಿ ಸಂಶೋಧನೆಗೆ ಸೇರಿದ್ದೆ. ಕಾಡುಹಂದಿಗೂ ಊರಹಂದಿಗೂ ಇರುವ ನಂಟನ್ನು ತಂದೆಯ ಕಡೆಯಿಂದ ಹುಡುಕುವುದು ನನ್ನ ಕೆಲಸ. ಗಂಡಿನಿಂದ ಗಂಡಿಗಷ್ಟೇ ಇಳಿಯುವ ವೈ ಕ್ರೋಮೋಸೋಮಿನಲ್ಲಿ ಅಪ್ಪನ ಕುಲದ ಗುರುತುಗಳಿರುತ್ತವೆ. ಬುಡಸಮೇತ ಕಿತ್ತ ನಾಲ್ಕು ಕೂದಲು ಸಿಕ್ಕರೆ ಸಾಕು, ಅಪ್ಪ, ತಾತ, ಮುತ್ತಾತನನ್ನೆಲ್ಲ ಲ್ಯಾಬಿನಲ್ಲಿ ಕೂತೇ ಹೇಳಿಬಿಡುತ್ತೇನೆ ಎಂಬ ಜಂಬ ನನಗಿತ್ತು. ಕೂದಲು ಕೀಳಲು ಹೋದ ಮೊದಲ ದಿನವೇ ಹಂದಿಯೊಂದು ನನ್ನನ್ನು ಕೆಸರಿಗೆ ಕೆಡವಿತು. ಅಜ್ಜಿ ನಗಲಿಲ್ಲ. ಸುಮ್ಮನೆ ಅದರ ಹೊಟ್ಟೆ ಕೆರೆಯುತ್ತಾ ಕೂತರು. ಅದು ಕಣ್ಮುಚ್ಚಿ ಮಲಗಿತು, ನಾನು ಕೂದಲು ಕಿತ್ತಿದ್ದು ಅದಕ್ಕೆ ಗೊತ್ತೇ ಆಗಲಿಲ್ಲ.

ಲೆಕ್ಕದ ಪುಸ್ತಕ ಅವರ ಹತ್ತಿರ ಇರಲಿಲ್ಲ. ಹುಟ್ಟಿದ ಮರಿಯ ಕಿವಿಗೆ, ತಾಯಿಗೊಂದು ಬಗೆಯಂತೆ, ಸಣ್ಣ ಕಚ್ಚು ಹಾಕುತ್ತಿದ್ದರು. ಒಂದು ತಾಯಿಯ ಮಕ್ಕಳಿಗೆ ಎಡಕಿವಿಯ ತುದಿ, ಇನ್ನೊಂದರ ಮಕ್ಕಳಿಗೆ ಬಲಕಿವಿಯ ಅಂಚು. ಆ ಕಿವಿ ನೋಡಿಯೇ ತಾಯಿ, ಅಜ್ಜಿ, ಮುತ್ತಜ್ಜಿಯರನ್ನೆಲ್ಲ ತಪ್ಪಿಲ್ಲದೆ ಒಪ್ಪಿಸುತ್ತಿದ್ದರು. ನಾನು ಬಾಯಿಬಿಟ್ಟು ಕೇಳುತ್ತಿದ್ದೆ. ಅಪ್ಪ ಯಾರು ಎಂದರೆ ಮಾತ್ರ, "ಯಾವನೋ ಬಂದಿರ್ತಾನೆ ಬುಡವ್ವ" ಎಂದು ಕೈ ಒದರುತ್ತಿದ್ದರು.

ಆ ವರ್ಷ ಅವರ ಕರಿ ಹಂದಿ ಆರು ಮರಿ ಹಾಕಿತು. ಆರಕ್ಕೂ ಕಾಡುಹಂದಿಯ ಮರಿಗಳ ಹಾಗೆ ಬೆನ್ನುದ್ದ ಪಟ್ಟೆ! ಯಾರೋ ಚಾಡಿ ಹೇಳಿದರು. ಫಾರೆಸ್ಟ್ ಗಾರ್ಡ್ ಬಂದು, ಇವನ್ನು ಕಾಡಿನಿಂದ ಹಿಡಿದು ತಂದಿದ್ದೀರಿ, ಕಿವಿಗೆ ಕಚ್ಚು ಆಮೇಲೆ ಹಾಕಿದ್ದೀರಿ ಎಂದರು. ಅದು ನಿಜವಾದರೆ ಮರಿಗಳೂ ಹೋಗುತ್ತವೆ, ಅಜ್ಜಿಯ ಮೇಲೆ ಕೇಸೂ ಆಗುತ್ತದೆ. ಪರೀಕ್ಷೆ ಮಾಡಿ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು.

ಗಂಡು ಮರಿಗಳ ಕೂದಲು ಪರೀಕ್ಷಿಸಿದೆ. ಅಪ್ಪನ ಗುರುತು ಕಾಡುಹಂದಿಯದೇ. ಸಂಕಟವಾಯಿತು. ಆದರೂ ಕಾಡಿನ ಮರಿಗಳೇ ಎಂದು ವರದಿ ಬರೆದು, ಬ್ಯಾಗಿಗೆ ಹಾಕಿಕೊಂಡು ಫಾರೆಸ್ಟ್ ಆಫೀಸಿಗೆ ಹೊರಟೆ. ಅಜ್ಜಿಗೆ ಮುಖ ತೋರಿಸದೆ ಅದನ್ನು ಕೊಟ್ಟುಬರಲು ಮನಸ್ಸಾಗಲಿಲ್ಲ. ಮೊದಲು ಅವರ ಮನೆಗೇ ಹೋಗಿ, ಅಪ್ಪ ಕಾಡಿನದೇ ಎಂದು ಬಂದಿದೆ ಅಂದೆ.

ಅವರು ಹಂಡೆ ಕಲಕುವುದನ್ನೂ ನಿಲ್ಲಿಸಲಿಲ್ಲ. "ಅದ್ಕೇನೀಗ? ಅಂದಿ ಬೆದೆಗೆ ಬಂದಾಗ ನಾನೇ ಕಾಡಂಚಲ್ಲಿ ಕಟ್ಟಿ ಬಂದಿದ್ದೆ, ಗಟ್ಟಿ ಮರಿ ಆಗ್ಲಿ ಅಂತ. ಅಪ್ಪನ್ನ ಕೇಳ್ಕಂಡ್ ಬಂದಿದ್ದೀಯ. ಎತ್ತೋಳು ಯಾರು ಅಂತ ಕೇಳ್ದೇನವ್ವ?"

ನಾನು ಬೆಪ್ಪಾದೆ. ಇಷ್ಟು ಓದಿದವಳಿಗೆ ಇದು ಹೊಳೆಯಲಿಲ್ಲವಲ್ಲ! ಅಪ್ಪನ ಕುಲ ಹುಡುಕುವ ಭರದಲ್ಲಿ ಮರಿಗೊಬ್ಬಳು ತಾಯಿ ಇರುತ್ತಾಳೆ ಎಂಬುದನ್ನೇ ಮರೆತಿದ್ದೆ. ಅವತ್ತೇ ಕರಿ ಹಂದಿಯ ಕೂದಲನ್ನೂ, ಬಿಟ್ಟಿದ್ದ ಹೆಣ್ಣು ಮರಿಗಳ ಕೂದಲನ್ನೂ ಕಿತ್ತುಕೊಂಡು ಹೋದೆ. ಆರೂ ಮರಿಗಳು ಅದರವೇ ಎಂದು ಬಂತು. ಹೊಸ ವರದಿ ಕೊಟ್ಟೆ, ಮರಿಗಳು ಉಳಿದವು.

ಅಜ್ಜಿ ಊರಿಗೆಲ್ಲ ಸಾರಿದರು. "ನಮ್ ಡಾಕ್ಟ್ರವ್ವ ಇಲ್ದಿದ್ರೆ ನನ್ ಮರಿ ಓಯ್ತಿದ್ವು ಕಣ್ರಲಾ!" ಕೇಳಿದಾಗಲೆಲ್ಲ ನನ್ನ ಮುಖ ಬಿಸಿಯಾಗುತ್ತಿತ್ತು. ಮೊದಲು ಬರೆದಿದ್ದ ವರದಿಯ ವಿಷಯ ಹೇಳಬೇಕು, ಉಳಿಸಿದ್ದು ನೀವೇ ಅಜ್ಜಿ ಅನ್ನಬೇಕು ಎಂದುಕೊಳ್ಳುತ್ತಿದ್ದೆ. ಮುಂದಿನ ಸಲ... ಮುಂದಿನ ಸಲ...

ಈಗ ನಾನೇ ತಳಿಶಾಸ್ತ್ರ ಪಾಠ ಮಾಡುತ್ತೇನೆ. ಅವರಷ್ಟು ತಿಳಿದವರನ್ನು ಮತ್ತೆಲ್ಲೂ ಕಾಣಲಿಲ್ಲ. ಹೋದ ವರ್ಷ ಹಲಗೂರಿಗೆ ಹೋದಾಗ ಅಜ್ಜಿ ತೀರಿಕೊಂಡಿದ್ದರು, ದೊಡ್ಡಿ ಖಾಲಿಯಾಗಿತ್ತು. ನಾನು ಅಳುತ್ತಾ ನಿಂತಿದ್ದನ್ನು ಕಂಡು ಪಕ್ಕದ ಮನೆಯಾಕೆ ಬಂದರು.

"ನೀವೇ ಅಲ್ವಾ ಅಜ್ಜಿ ಮರಿ ಉಳಿಸ್ಕೊಟ್ಟೋರು?"

ಹೌದೆಂದು ತಲೆಯಾಡಿಸಿ ಬಂದುಬಿಟ್ಟೆ.