ಅಕ್ಕನ ಕೈಯ ಚಕ್ಕೋತ ಪಾನಕ

ಪಾನಕ ಕಹಿ ಮಾಡಿದ್ದು ನಾನು ಎಂದು ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಬರೆದು ಅಭ್ಯಾಸವಿಲ್ಲ. ತಿಳಿದಂತೆ ಬರೆಯುತ್ತೇನೆ.

ಯುದ್ಧದ ಕಾಲ. ದೇವನಹಳ್ಳಿ ಹತ್ತಿರ ನಮ್ಮ ಹೊಲ, ಬಾವಿ, ಬಾವಿಯ ಹಿಂದೆ ಎರಡು ಚಕ್ಕೋತದ ಮರ. ಆ ವರ್ಷ ಅಪ್ಪನಿಗೆ ಚಳಿಜ್ವರ ಬಂದು ಮುದ್ದೆ ಸೇರದಂತಾಯಿತು. ಹಣ್ಣಿನ ರಸ ಕೊಡಿ ಎಂದರು ಪಂಡಿತರು. ಆ ಕೆಲಸ ಅಕ್ಕನ ಪಾಲಿಗೆ ಬಂತು.

ಅಕ್ಕ ಚಕ್ಕೋತದ ದಪ್ಪ ಸಿಪ್ಪೆ ಬಿಡಿಸಿ, ತೊಳೆ ತೊಳೆಗೂ ಅಂಟಿದ ಬಿಳಿ ಪೊರೆ ಸುಲಿದು, ಬೀಜ ತೆಗೆದು, ಕೆಂಪು ಎಸಳನ್ನಷ್ಟೇ ಉದುರಿಸುತ್ತಿದ್ದಳು. ಬಾಳೆಹಣ್ಣು ನುಣ್ಣಗೆ ಕಿವುಚಿ ಬೆರೆಸಿ, ಬೆಲ್ಲದ ನೀರು, ಏಲಕ್ಕಿ, ಚಿಟಿಕೆ ಉಪ್ಪು ಹಾಕುತ್ತಿದ್ದಳು. ಮಂದವಾದ ಆ ಪಾನಕಕ್ಕೆ ಮನೆಮಂದಿಯೆಲ್ಲ ಲೋಟ ಹಿಡಿದು ಕೂರುತ್ತಿದ್ದರು.

"ಇವಳ ಕೈಗುಣ ನೋಡು, ಕುಡೀತಿದ್ದಂಗೆ ಜೀವ ಬರುತ್ತೆ," ಎನ್ನುತ್ತಿದ್ದರು ಅಪ್ಪ.

ಬಾವಿಯಿಂದ ನೀರು ಸೇದಿ ತಂದವಳು ನಾನು, ಬೆಲ್ಲ ಕುಟ್ಟಿದವಳು ನಾನು. ನನ್ನ ಕೈಗೆ ಗುಣವೇ ಇರಲಿಲ್ಲವೇ? ಒಮ್ಮೆ ಹಟ ಮಾಡಿ ನಾನೇ ಮಾಡಿಕೊಟ್ಟೆ. ಅಪ್ಪ ಎರಡು ಗುಟುಕು ಕುಡಿದು, "ನಿಮ್ಮಕ್ಕ ಎಲ್ಲಿ ಹೋದ್ಲಮ್ಮ?" ಎಂದರು. ಅಂದಿನಿಂದ ಅಕ್ಕ ಹಣ್ಣು ಸುಲಿಯಲು ಕೂತರೆ ಸಾಕು, ನನ್ನ ಹೊಟ್ಟೆ ಉರಿಯುತ್ತಿತ್ತು. ಅವಳು ಬೆರಳು ಕುಯ್ದುಕೊಳ್ಳಲಿ ಎಂದೂ ಬೇಡಿದ್ದೇನೆ.

ಒಂದು ದಿನ ಸೋದರಮಾವ ಬಂದರು. ಅಪ್ಪ ಹಾಸಿಗೆಯಿಂದಲೇ, "ನನ್ನ ಮಗಳ ಪಾನಕ ಕುಡ್ದು ಹೋಗೋ," ಎಂದು ಕೂಗಿದರು. ಇದ್ದವರು ಇಬ್ಬರು ಹೆಣ್ಣುಮಕ್ಕಳು. ಯಾವ ಮಗಳೆಂದು ಮಾವ ಕೇಳಲೂ ಇಲ್ಲ. ಅಕ್ಕ ಪಾನಕ ಕಲಸಿಟ್ಟು ಲೋಟ ತೊಳೆಯಲು ಹಿತ್ತಲಿಗೆ ಹೋದಳು. ನಾನು ಅವಳು ಬಿಸಾಡಿದ್ದ ಬೀಜ, ಬಿಳಿ ಪೊರೆ ಎರಡನ್ನೂ ಕಲ್ಲಿನಲ್ಲಿ ಜಜ್ಜಿ, ಹಿಂಡಿ, ಪಾತ್ರೆಗೆ ಬೆರೆಸಿಬಿಟ್ಟೆ.

ಮಾವ ಒಂದು ಗುಟುಕು ಕುಡಿದವರೇ ಅಂಗಳಕ್ಕೆ ಓಡಿ ಉಗಿದರು. "ಏನಮ್ಮಾ, ಬೇವಿನೆಲೆ ಅರ್ದಿದ್ದೀಯಾ?"

"ಇಲ್ಲ ಮಾವ, ಸರ್ಯಾಗೇ ಸುಲ್ದಿದ್ದೆ..." ಅಕ್ಕ ತಾನೂ ಕುಡಿದು ನೋಡಿದಳು. ಮುಖ ಸಣ್ಣದಾಯಿತು.

ಅಜ್ಜಿ ಮೂಲೆಯಿಂದ, "ಕೈ ಕಹಿಯಾಗೈತೆ ಕಣೇ ನಿಂದು. ಇನ್ಮೇಲೆ ರೋಗಿಷ್ಠನ ಬಾಯಿಗೆ ಏನೂ ಕಲಸ್ಬೇಡ," ಎಂದಳು. ಒಮ್ಮೆ ಕೈ ಕಹಿಯಾದರೆ ಎಷ್ಟು ಒಳ್ಳೆ ಹಣ್ಣಾದರೂ ಆ ಕೈಯಲ್ಲಿ ಕೆಡುತ್ತದೆ ಎಂದು ನಮ್ಮಲ್ಲಿ ನಂಬುತ್ತಿದ್ದರು. ಅಕ್ಕನೂ ನಂಬಿದಳು.

ಪಾನಕ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಅಪ್ಪ ಅರ್ಧ ಕುಡಿದು ಇಡುತ್ತಿದ್ದರು. ಗೆದ್ದರೂ ಹೊಟ್ಟೆಯುರಿ ಆರಲಿಲ್ಲ. ಉಳಿದ ಅರ್ಧ ಲೋಟ ಅಕ್ಕನನ್ನೇ ಕೇಳುತ್ತಿದೆ ಅನ್ನಿಸುತ್ತಿತ್ತು.

ಅಪ್ಪ ಚೇತರಿಸಿಕೊಂಡರು. ಅಕ್ಕನನ್ನು ನಂದಗುಡಿ ಕಡೆ ಕೊಟ್ಟರು. ಮೂರನೇ ವರ್ಷದ ಗೌರಿಹಬ್ಬಕ್ಕೆ ಅವಳು ಹೆಣ್ಣುಕೂಸು ಎತ್ತಿಕೊಂಡು ತವರಿಗೆ ಬಂದಳು. ಕೂಸು ಹಸಿದು ಅಳುತ್ತಿತ್ತು. ಅಕ್ಕ ಬಾಳೆಹಣ್ಣು, ಬಟ್ಟಲು ತಂದು ನನ್ನ ಮುಂದಿಟ್ಟಳು.

"ಒಸಿ ಕಿವುಚ್ಕೊಡೇ ಇವಳಿಗೆ."

"ನೀನೇ ಕಿವುಚಕ್ಕಾ."

"ಬ್ಯಾಡ ಕಣೇ. ಅಲ್ಲೂ ನಮ್ಮ ಓರಗಿತ್ತೀನೇ ಕಿವುಚಿ ಕೊಡೋದು. ನನ್ನ ಕೈ ನಿಂಗೊತ್ತಲ್ಲ."

ಹೆತ್ತ ಕೂಸಿನ ಬಾಯಿಗೂ ಅವಳು ಹಣ್ಣು ಕಿವುಚಿ ಇಟ್ಟಿರಲಿಲ್ಲ. ಬಟ್ಟಲನ್ನು ಅವಳ ಕಡೆಗೆ ತಳ್ಳಿದೆ.

"ಅಕ್ಕಾ, ನಿನ್ನ ಕೈ ಯಾವತ್ತೂ ಕಹಿಯಾಗಿರ್ಲಿಲ್ಲ. ಅವತ್ತು ಬೀಜ ಜಜ್ಜಿ ಹಿಂಡಿದ್ದು ನಾನು. ಅಪ್ಪ ನಿನ್ನೇ ಹೊಗಳ್ತಾರೆ ಅಂತ ತಡ್ಕೊಳ್ಳೋಕಾಗ್ಲಿಲ್ಲ. ತಪ್ಪಾಯ್ತು ಕಣಕ್ಕಾ, ನನ್ನ ಕ್ಷಮಿಸ್ಬಿಡು."