ಚೆಕಿಂಗ್ ಮಾವನ ಆತ್ಮಕಥೆ ಹೊಸ ಕಂಪ್ಯೂಟರ್ ಹತ್ತಿದ್ದು

ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ಮಾಡಿಯೇ ತಲೆ ಹಣ್ಣಾದವರು ಚೆಕಿಂಗ್ ಮಾವ. ನಿವೃತ್ತಿಯಾಗಿ ವರ್ಷಗಳು ಕಳೆದರೂ ಮನೆಗೆ ಯಾರು ಬಂದರೂ ಮೊದಲು ಅವರ ಕೈ ನೋಡುತ್ತಿದ್ದರು, ಟಿಕೆಟ್ ಇಲ್ಲದೆ ಒಳಗೆ ನುಗ್ಗಿದರೇನೋ ಎಂಬಂತೆ. ಅವರು ಬೀದಿಗೆಲ್ಲ ಮಾವ, ಅವರ ಹೆಂಡತಿ ಬೀದಿಗೆಲ್ಲ ಅತ್ತೆ.

ಮಾವ ಆತ್ಮಕಥೆ ಬರೆಯುತ್ತಿದ್ದರು. ಪಡಸಾಲೆಯ ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರಿನ ಗುಂಡಿಯನ್ನು ಪೆನ್ನಿನ ತುದಿಯಿಂದ ತಿವಿದರೆ ಮಾತ್ರ ಅದಕ್ಕೆ ಎಚ್ಚರ. ಎದ್ದ ಮೇಲೂ ಹಿಟ್ಟಿನ ಗಿರಣಿಯಂತೆ ಗೊರಗುಟ್ಟುತ್ತಿತ್ತು. ಡಬ್ಬಿಯಂಥ ಪರದೆ ಸದಾ ಬೆಚ್ಚಗಿರುತ್ತಿದ್ದುದರಿಂದ ಬೆಕ್ಕು ಅದರ ನೆತ್ತಿಯ ಮೇಲೇ ಸಂಸಾರ ಹೂಡಿತ್ತು. ಮುಗಿಯುವ ತನಕ ಯಾರೂ ಓದಕೂಡದೆಂದು ಮಾವನ ಕಟ್ಟಪ್ಪಣೆ. ಓದುತ್ತೇನೆಂದು ಯಾರೂ ಕೇಳಿರಲಿಲ್ಲ, ಆ ಮಾತು ಬೇರೆ.

ಔಷಧಿ ಅಂಗಡಿ ನಡೆಸುತ್ತಿದ್ದ ಮಗಳು ಒಂದು ಭಾನುವಾರ ಹೊಸ ಕಂಪ್ಯೂಟರ್ ತಂದು ಮೇಜಿನ ಮೇಲಿಟ್ಟಳು.

"ಅಪ್ಪಾ, ಹಳೇದು ಇವತ್ತೋ ನಾಳೆಯೋ ಅಂತಿದೆ. ಬದಲಾಯಿಸಿಬಿಡೋಣ."

"ನಾನೂ ಹಾಗೇ ಇದ್ದೀನಿ. ನನ್ನನ್ನೂ ಬದಲಾಯಿಸ್ತೀಯಾ?"

"ಎಕ್ಸ್‌ಚೇಂಜಲ್ಲಿ ತಗೋತಾರಾ ಕೇಳೇ," ಎಂದು ಅಡುಗೆಮನೆಯಿಂದ ಅತ್ತೆಯ ದನಿ ಬಂತು.

ಹೊಸದು ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದು ಕೂತಿತು. ಬೆಕ್ಕು ಅಭ್ಯಾಸಬಲದಿಂದ ಅದರ ತೆಳು ಪರದೆಯ ಮೇಲೆ ಹಾರಿ, ಆಚೆ ಬದಿಗೆ ಬಿದ್ದು, ಯಾರ ಮುಖವನ್ನೂ ನೋಡದೆ ಹೊರಗೆ ನಡೆಯಿತು. ಮಗಳು ಅಪ್ಪನ ಕಥೆಯನ್ನು ಹೊಸದಕ್ಕೆ ಸಾಗಿಸಿ ತೆರೆದಳು. ಪರದೆಯ ತುಂಬ ಇಂಗ್ಲಿಷ್ ಅಕ್ಷರ, ಅಂಕಿ, ಚೌಕ, ಪ್ರಶ್ನೆಚಿಹ್ನೆ. ಮಾವ ಇಂಗು ತಿಂದ ಮಂಗನಂತಾದರು.

ಅತ್ತೆ ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಇದು ಈಗ ಹೀಗಾಯ್ತಾ, ಇಲ್ಲಾ ನೀವು ಬರೆದಿದ್ದೇ ಹೀಗಾ?"

ಹಳೆಯ ಯಂತ್ರದ ಕನ್ನಡ ಅಕ್ಷರಗಳ ಗುರುತು ಹೊಸದಕ್ಕಿಲ್ಲವೆಂದು ಮಗಳು ವಿವರಿಸಿ, ಅಕ್ಷರ ಬದಲಿಸುವ ತಂತ್ರಾಂಶವೊಂದನ್ನು ಓಡಿಸಿದಳು. ಕನ್ನಡವೇನೋ ಬಂತು, ಒತ್ತಕ್ಷರಗಳು ಮಾತ್ರ ಅಲ್ಲಲ್ಲಿ ಉದುರಿಹೋಗಿದ್ದವು. ಕತ್ತೆ ಕತೆಯಾಗಿತ್ತು. "ಒಬ್ರು ಹಳೇದನ್ನ ನೋಡಿ ಓದ್ಲಿ, ಇನ್ನೊಬ್ರು ಹೊಸದರಲ್ಲಿ ತಿದ್ಲಿ," ಎಂದು ಹೇಳಿ ಅವಳು ಅಂಗಡಿಗೆ ಹೊರಟಳು. ಓದಲು ಉಳಿದವರು ಅತ್ತೆಯೊಬ್ಬರೇ.

ಮರುದಿನ ಅತ್ತೆ ಶುರುಮಾಡಿದರು. "'ಅದೇ ವರ್ಷ ನನಗೆ ಹೊಸ ಸೀಟಿ ದೊರೆಯಿತು. ಪತ್ನಿಯೂ ದೊರೆತಳು.'"

"ಇಲ್ಲಿ 'ಪತಿಯೂ ದೊರೆತಳು' ಅಂತಿದೆ. ತಡಿ, ತಿದ್ತೀನಿ. ಹಾಂ, ಮುಂದೆ?"

ಮುಂದೆ ಓದು ಬರಲಿಲ್ಲ. ಅತ್ತೆ ಪುಟದ ಮೇಲೆ ಪುಟ ಸರಿಸುತ್ತಿದ್ದರು.

"ಏನೇ ಹುಡುಕ್ತಿದ್ದೀಯಾ?"

"ನನ್ನನ್ನ."

"ಮಗು ಹುಟ್ಟಿದ ಕಡೆ ಬರ್ತೀಯ ನೀನು."

"ಮಗು ಹುಟ್ಟಿದ್ದೆಲ್ಲಿದೆ?"

"ವರ್ಗಾವಣೆ ಅಧ್ಯಾಯದಲ್ಲಿ."

ಅತ್ತೆ ಬಿಟ್ಟ ಸಾಲಿಗೇ ಹಿಂತಿರುಗಿದರು. ಅವರು ಬೈದಿದ್ದರೆ ಮಾವನಿಗೆ ಸಮಾಧಾನವಾಗುತ್ತಿತ್ತು. ಓದು ಮುಂದುವರಿದು, ಬಸ್ಸಿಗೆ ಅಡ್ಡ ನಿಂತ ಕತ್ತೆಯನ್ನು ಮಾವ ಕೋಲು ಹಿಡಿದು ಏಕಾಂಗಿಯಾಗಿ ಓಡಿಸಿದ ಪ್ರಸಂಗ ಬಂತು.

"ಆ ಬಸ್ಸಲ್ಲಿ ನಾನೂ ಇದ್ದೆ," ಎಂದರು ಅತ್ತೆ. "ಮಗು ಎತ್ಕೊಂಡು ತವರಿಗೆ ಹೊರಟಿದ್ದೆ. ಕತ್ತೆ ಒಂದೇ ಒಂದು ಹೆಜ್ಜೆ ಮುಂದಿಟ್ಟಿತು, ನೀವು ಕೋಲು ಬಿಸಾಕಿ ಬಂದು ನನ್ನ ಸೀಟಿನ ಹಿಂದೆ ಅವಿತ್ಕೊಂಡ್ರಿ."

"ಇದು ಆತ್ಮಕಥೆ ಕಣೇ. ನನ್ನ ದೃಷ್ಟಿಯಿಂದ ಬರೀಬೇಕು."

"ಸೀಟಿನ ಹಿಂದಿನಿಂದ ಏನು ಕಾಣಿಸ್ತು ನಿಮಗೆ?"

ಮಾವ ಬಿಗಿದ ಮುಖದಲ್ಲೇ ಕೂರಲು ನೋಡಿದರು, ಆಗಲಿಲ್ಲ. ಮೊದಲು ಹೊಟ್ಟೆ ಕುಲುಕಿತು, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಗು. ಅತ್ತೆಯೂ ಸೆರಗು ಬಾಯಿಗೊತ್ತಿಕೊಂಡರು. ಮಾವ ಕೋಲಿನ ಶೌರ್ಯವನ್ನು ಅಳಿಸಿ ಸೀಟನ್ನು ಸೇರಿಸಿದರು, ಸೀಟಿನಲ್ಲಿ ಕೂತವರನ್ನೂ.

ಅಲ್ಲಿಂದಾಚೆ ತಿದ್ದುವುದು ಕಡಿಮೆಯಾಗಿ ತಕರಾರು ಹೆಚ್ಚಾಯಿತು. ಸಂಬಳವಿಲ್ಲದ ಬಸ್ ಮುಷ್ಕರದ ದಿನಗಳಲ್ಲಿ ಮನೆ ಹೇಗೆ ನಡೆಯಿತೆಂದು ಮಾವನಿಗೆ ಗೊತ್ತೇ ಇರಲಿಲ್ಲ; ಅತ್ತೆ ಹೇಳಿದರು, ಅವರು ಟೈಪಿಸಿದರು. ಕೊನೆಯ ಅಧ್ಯಾಯಗಳ ಹೊತ್ತಿಗೆ ಹಳೆಯ ಕಂಪ್ಯೂಟರ್ ಒಂದು ಸಲ ಕೆಮ್ಮಿ ಕಣ್ಣುಮುಚ್ಚಿತು. ಅಷ್ಟರಲ್ಲಿ ಅದನ್ನು ನೋಡಿ ಓದುವವರು ಯಾರೂ ಇರಲಿಲ್ಲ.

ಮಗಳು ಬಂದು, "ಮುಗೀತಾ? ಪ್ರಿಂಟಿಗೆ ಕೊಡ್ಲಾ?" ಎಂದಾಗ ಅತ್ತೆ ಹೇಳಿದ್ದನ್ನು ಟೈಪಿಸುತ್ತಿದ್ದ ಮಾವ ಕೀಲಿಮಣೆಯಿಂದ ತಲೆ ಎತ್ತದೆ, "ಸ್ವಲ್ಪ ತಡಿಯಮ್ಮ," ಎಂದರು. "ನಿಮ್ಮಮ್ಮ ಇನ್ನೂ ಮೂರನೇ ಕ್ಲಾಸಲ್ಲಿದ್ದಾಳೆ."