ಯುದ್ಧಕ್ಕೆ ಕಾರಣ ಯಾರೆಂದು ನಾನು ವಾದಿಸಿದ ದಿನ

ಒಲೆನಾಳ ಅಕ್ಕನಿಗೆ ಸಿಗಬೇಕಿದ್ದ ಮನೆ ತಪ್ಪಿಸಿದವಳು ನಾನು. ಮ್ಯಾನೇಜರ್ ಅಲ್ಲ, ಕಂಪನಿಯ ನಿಯಮವೂ ಅಲ್ಲ — ನಾನು. ಒಲೆನಾ ಇವತ್ತಿಗೂ ಬೇರೆಯದನ್ನೇ ನಂಬಿದ್ದಾಳೆ, ಏಕೆಂದರೆ ಹಾಗೆ ನಂಬಿಸಿದವಳೂ ನಾನೇ.

ಸ್ವೀಡನ್ನಿನ ನಾರ್‌ಶೋಪಿಂಗ್‌ನಲ್ಲಿ ಸರಕು ಸಾಗಾಣಿಕೆಗೆ ಸಾಫ್ಟ್‌ವೇರ್ ಮಾಡುವ ಸಣ್ಣ ಕಚೇರಿ ನಮ್ಮದು. ಒಲೆನಾ ಯುಕ್ರೇನಿನವಳು, ಯುದ್ಧ ಶುರುವಾದ ವರ್ಷ ಪುಟ್ಟ ಮಗಳನ್ನು ಎತ್ತಿಕೊಂಡು ಬಂದವಳು. ನನ್ನ ಪಕ್ಕದ ಮೇಜು. ನಮ್ಮಿಬ್ಬರ ಮಕ್ಕಳೂ ಒಂದೇ ದಾಗಿಸ್‌ನಲ್ಲಿ — ಇಲ್ಲಿನ ಶಿಶುವಿಹಾರದಲ್ಲಿ — ಆಡಿಕೊಂಡಿದ್ದವು. ಅವಳ ಅಕ್ಕ ಇರೀನಾ ಮಾತ್ರ ಯುಕ್ರೇನಿನಲ್ಲೇ ಉಳಿದಿದ್ದಳು, ಹಾಸಿಗೆ ಹಿಡಿದ ಅತ್ತೆಯ ಜೊತೆ. ನಿರಾಶ್ರಿತರ ಶಿಬಿರದಲ್ಲಿ ಹತ್ತು ಜನರ ನಡುವೆ ಆ ಮುದುಕಿಯನ್ನು ಮಲಗಿಸಲಾರೆ, ಒಳಗಿನಿಂದ ಬಾಗಿಲು ಹಾಕಿಕೊಳ್ಳುವಂಥ ಒಂದು ಮನೆ ಸಿಕ್ಕಿದರೆ ಆ ವಾರವೇ ಹೊರಡುತ್ತೇನೆ ಎನ್ನುತ್ತಿದ್ದಳಂತೆ. ಮನೆ ಇತ್ತು. ಬೆಂಗಳೂರಿನಿಂದ ಕೆಲಸಕ್ಕೆ ಬರುವವರಿಗೆಂದು ಕಂಪನಿ ಇಟ್ಟುಕೊಂಡಿದ್ದ ಎರಡು ಕೋಣೆಯ ಫ್ಲ್ಯಾಟು. ನಾನೂ ಮೊದಲ ಎರಡು ತಿಂಗಳು ಅಲ್ಲಿದ್ದವಳೇ. ಆ ಚಳಿಗಾಲದಲ್ಲಿ ಅದು ಖಾಲಿ ಬಿದ್ದಿತ್ತು.

ಈಗ ನನ್ನ ಬಾಯಿಯ ಬಗ್ಗೆ ಹೇಳಬೇಕು. ನಾನು ಪುತ್ತೂರಿನ ಕಡೆಯವಳು, ತಾಳಮದ್ದಳೆಯಲ್ಲಿ ಅರ್ಥ ಹೇಳಿ ಬೆಳೆದವಳು. ವೇಷವಿಲ್ಲ, ಕುಣಿತವಿಲ್ಲ, ಎದುರುಬದುರು ಕೂತು ಮಾತಿನಲ್ಲೇ ಕಾದಾಡುವುದು. ಸಂಧಾನಕ್ಕೆ ಬಂದವನ ಎದುರು ಕೂತು 'ಈ ಯುದ್ಧಕ್ಕೆ ನೀನೇ ಕಾರಣ' ಎಂದು ಸಾಧಿಸುವ ಪಾತ್ರವೆಂದರೆ ನನಗೆ ಹಬ್ಬ. ಸುಳ್ಳಿನ ಪಕ್ಷವೇ ಆದರೂ ಅದನ್ನು ಎತ್ತಿ ನಿಲ್ಲಿಸಬೇಕು, ಎದುರಿನವನು ಅದನ್ನು ಉರುಳಿಸಬೇಕು — ಆಗಲೇ ಸತ್ಯಕ್ಕೆ ಒಂದು ಬೆಲೆ. ಎದುರಿನವನು ಬಾಯಿ ಬಿಡದೆ ಎದ್ದು ಹೋದದ್ದನ್ನು ನಾನು ಊರಲ್ಲಿ ಒಮ್ಮೆಯೂ ಕಂಡಿರಲಿಲ್ಲ.

ಒಲೆನಾ ಸ್ವೀಡಿಶ್ ತರಗತಿಗೆ ಹೋಗಿದ್ದ ಒಂದು ಮಧ್ಯಾಹ್ನ, ಮ್ಯಾನೇಜರ್ ಗುನಿಲ್ಲಾ ಫೀಕಾಗೆ, ಅಂದರೆ ಕಾಫಿ ವಿರಾಮಕ್ಕೆ, ಎಲ್ಲರನ್ನೂ ಕೂರಿಸಿದಳು. ಕಾಫಿ, ದಾಲ್ಚಿನ್ನಿ ಬನ್ನು. ಆ ಫ್ಲ್ಯಾಟನ್ನು ಇರೀನಾಳಿಗೆ ಬಿಟ್ಟುಕೊಡೋಣವೇ, ನಿಮಗೆಲ್ಲ ಏನನಿಸುತ್ತದೆ ಎಂದು ಕೇಳಿದಳು. ಎಲ್ಲರೂ ಒಪ್ಪಿ ತಲೆಯಾಡಿಸಿದರು. ನನಗೆ ಮಾತ್ರ ನಾಲಿಗೆ ತುರಿಸಿತು. ಇಂಗ್ಲಿಷಿನಲ್ಲಿ, ನಗುನಗುತ್ತಲೇ ಹೇಳಿದೆ — "ಬೆಂಕಿ ಹಚ್ಚಿದವನು ಒಬ್ಬ, ಸರಿ. ಆದರೆ ಅಂಗಳದಲ್ಲಿ ಒಣಹುಲ್ಲು ಒಟ್ಟಿದವರು ಯಾರು? ಯುದ್ಧ ಶುರುಮಾಡಿದವರು ಯಾರೆಂದು ನಾವ್ಯಾಕೆ ತೀರ್ಪು ಕೊಡಬೇಕು? ಮನೆ ಕೊಟ್ಟರೆ ಪಕ್ಷ ಹಿಡಿದಂತೆ."

ಯಾರಾದರೂ ಎದ್ದು ನನ್ನನ್ನು ಝಾಡಿಸುತ್ತಾರೆಂದು ಕಾದೆ. ಆಣೆಯಾಗಿ ಕಾದೆ. ಮರುಮಾತು ಬಂದರೆ ಸೋಲಲು ಸಿದ್ಧಳಿದ್ದೆ. ಬರಲಿಲ್ಲ. ಹಿರಿಯ ಸಹೋದ್ಯೋಗಿ ಲಾರ್ಸ್ 'ಹೂಂ, ಅದೂ ಹೌದು' ಎಂದ. ಉಳಿದವರು ತಮ್ಮ ಕಾಫಿ ಕಪ್ಪುಗಳನ್ನು ನೋಡಿಕೊಂಡರು. ಇಲ್ಲಿ ಯಾರೂ ವಾದಿಸುವುದಿಲ್ಲ. ಒಬ್ಬರು ಬೇಡವೆಂದರೆ ಆ ವಿಷಯವನ್ನು ಮೆತ್ತಗೆ ಮಡಚಿಡುತ್ತಾರೆ. ಗುನಿಲ್ಲಾ 'ರಜೆ ಮುಗಿದ ಮೇಲೆ ನೋಡೋಣ' ಎಂದಳು. ಅಷ್ಟು ವರ್ಷ ಇಲ್ಲಿದ್ದ ನನಗೆ ಅದರ ಅರ್ಥ 'ಇಲ್ಲ' ಎಂದು ಗೊತ್ತಿತ್ತು. ನಾನು ಅಲ್ಲೇ 'ತಮಾಷೆಗೆ ಅಂದೆ, ಕೊಡಿ' ಎನ್ನಬಹುದಿತ್ತು — ಎರಡು ಮಾತು. ಬನ್ನು ತಿಂದೆ.

ಬರೀ ಆಟವಾಗಿತ್ತೇ? ಅದೂ ಪೂರ್ತಿ ನಿಜವಲ್ಲ. ಇಲ್ಲಿನ ಗುರುತಿನ ಸಂಖ್ಯೆ ಪರ್ಸನ್‌ನಂಬರಿಗಾಗಿ ಅಲೆದ ತಿಂಗಳುಗಳು, ನನ್ನ ತಂಗಿಗೆ ನಿರಾಕರಿಸಿದ ವೀಸಾ — ನಮಗೆ ಯಾರು ಮನೆ ಖಾಲಿ ಮಾಡಿಕೊಟ್ಟರು ಎಂಬ ಹೊಟ್ಟೆಕಿಚ್ಚು ಒಳಗೆಲ್ಲೋ ಇತ್ತು. ಮಾತಿನ ಚಂದದ ಹಿಂದೆ ಅದನ್ನು ಅಡಗಿಸಿದ್ದೆ.

ಸಂಜೆ ದಾಗಿಸ್‌ನ ಬಾಗಿಲಲ್ಲಿ ಮನೆಯ ವಿಷಯ ಏನಾಯಿತೆಂದು ಒಲೆನಾ ಆಸೆಯಿಂದ ಕೇಳಿದಳು. "ಮೇಲಿನವರು ಒಪ್ಪಲಿಲ್ಲ. ನಾನು ತುಂಬಾ ವಾದಿಸಿದೆ" ಎಂದೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು — ಅವಳು ನನ್ನನ್ನು ತಬ್ಬಿಕೊಂಡಳು.

ಫೆಬ್ರವರಿಯಲ್ಲಿ ಅದೇ ದಾಗಿಸ್‌ನಲ್ಲಿ, ಒದ್ದೆ ಕೋಟುಗಳ ನಡುವೆ, ನಾನು ಮಗಳಿಗೆ ಬೂಟು ಹಾಕುತ್ತಿದ್ದೆ. ಒಲೆನಾ ಬಂದು ಪಕ್ಕದ ಪುಟ್ಟ ಬೆಂಚಿನ ಮೇಲೆ ಕೂತಳು. ಇರೀನಾ ಇದ್ದ ಕಟ್ಟಡಕ್ಕೆ ಕ್ಷಿಪಣಿ ಬಿತ್ತು, ಅಕ್ಕ ಇಲ್ಲ ಎಂದಳು. ಅಳಲಿಲ್ಲ. ಆಮೇಲೆ ಹೇಳಿದಳು — "ಅವಳಿಗಾಗಿ ವಾದಿಸಿದವಳು ನೀನೊಬ್ಬಳೇ. ಮರೆಯುವುದಿಲ್ಲ."

ನನ್ನ ಕೈ ಮಗಳ ಬೂಟಿನ ಮೇಲೆಯೇ ನಿಂತಿತು. ಮಗಳು ಸ್ವೀಡಿಶ್‌ನಲ್ಲಿ 'ಅಮ್ಮಾ, ಎಡ-ಬಲ ಅದಲುಬದಲಾಗಿದೆ' ಎನ್ನುತ್ತಿದ್ದಳು. ಅದನ್ನು ಬಿಚ್ಚಿ ಮತ್ತೆ ಹಾಕಿದೆ.

ಕ್ಷಿಪಣಿ ಹಾರಿಸಿದವಳು ನಾನಲ್ಲ, ಗೊತ್ತು. ಯುದ್ಧ ಶುರುಮಾಡಿದವರು ಯಾರೆಂದೂ ಗೊತ್ತು — ಆ ಫೀಕಾದ ದಿನವೂ ಗೊತ್ತಿತ್ತು. ಅವರ ಪಾಪ ಅವರದು. ಅದು ಎಷ್ಟೇ ದೊಡ್ಡದಾದರೂ ನನ್ನದನ್ನು ಮುಚ್ಚುವುದಿಲ್ಲ. ಇರೀನಾ ಬರುತ್ತಿದ್ದಳೋ ಇಲ್ಲವೋ... ಬಾಗಿಲೊಂದು ತೆರೆದಿತ್ತು, ಹಾಕಿದವಳು ನಾನು.

ಇಷ್ಟನ್ನೂ ನುಂಗಿಕೊಂಡು ಹಾಗೇ ಇರುತ್ತಿದ್ದೆನೇನೋ. ಕಳೆದ ಗುರುವಾರ ಫೀಕಾದಲ್ಲಿ ಹೊಸ ಹುಡುಗಿಯೊಬ್ಬಳು ಯುದ್ಧದ ಸುದ್ದಿ ಎತ್ತಿದಳು. ಲಾರ್ಸ್, ಪಾಪ, ಯಾವ ಕೆಟ್ಟ ಮನಸ್ಸೂ ಇಲ್ಲದೆ, ಒಲೆನಾಳ ಮುಖಕ್ಕೇ ಹೇಳಿದ — "ಬೆಂಕಿ ಹಚ್ಚಿದವನು ಒಬ್ಬ, ಸರಿ. ಆದರೆ ಅಂಗಳದಲ್ಲಿ ಒಣಹುಲ್ಲು ಒಟ್ಟಿದವರು ಯಾರು?"

ನನ್ನ ವಾಕ್ಯ. ಅಕ್ಷರ ಬಿಡದೆ ನನ್ನದೇ. ಇಷ್ಟು ದಿನ ಅದು ಅವನೊಳಗೆ ಬೇರುಬಿಟ್ಟು ಅವನ ಅಭಿಪ್ರಾಯವೇ ಆಗಿಹೋಗಿತ್ತು. ಒಲೆನಾಳ ಮುಖ ಬಿಳಿಚಿತು, ಅವಳು ನನ್ನ ಕಡೆ ತಿರುಗಿದಳು. "ನೀನು ಹೇಳು ಇವರಿಗೆ" ಎಂದಳು. ಲಾರ್ಸ್ ನನ್ನನ್ನು ನೋಡುತ್ತಿದ್ದ. ಮಾತು ಯಾರದೆಂದು ಅವನಿಗೆ ನೆನಪಿರಲಿಕ್ಕಿಲ್ಲ. ಎಂಥೆಂಥ ಸಭೆಯಲ್ಲೂ ತಡವರಿಸದ ನಾನು ಎದ್ದು ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಂಡೆ.

ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಒಲೆನಾಳಿಗೆ ಓದಲು ಬಾರದ ಭಾಷೆಯಲ್ಲಿ. ಇದೂ ಹೇಡಿತನವೇ. ಕನ್ನಡದಲ್ಲಾದರೆ ತಪ್ಪನ್ನೂ ಚಂದ ಮಾಡಿ ಹೇಳಬಲ್ಲೆ, ಓದಿದವರು ಎರಡು ಹನಿ ಕಣ್ಣೀರು ಹಾಕುವಂತೆಯೂ ಮಾಡಬಲ್ಲೆ. ಸ್ವೀಡಿಶ್‌ನಲ್ಲಿ ನನಗೆ ಅಂಥದ್ದೇನೂ ಬರುವುದಿಲ್ಲ. ಹೋದೆ, ಬಂದೆ, ಮಾಡಿದೆ ಎನ್ನಬಲ್ಲೆ, ಅಷ್ಟೇ. ಅದರಲ್ಲೇ ಹೇಳುತ್ತೇನೆ. ಅವಳು ಬೈದರೆ ಕೇಳಿಸಿಕೊಳ್ಳುತ್ತೇನೆ, ಮರುಮಾತು ಆಡುವುದಿಲ್ಲ.

'ಶನಿವಾರ ಬೆಳಿಗ್ಗೆ ಬರುತ್ತೇನೆ, ಇರೀನಾಳ ವಿಷಯ ಒಂದು ಹೇಳುವುದಿದೆ' ಎಂದು ಸಂದೇಶ ಕಳಿಸಿದೆ. ತಕ್ಷಣ ಉತ್ತರ ಬಂತು: 'ಬಾ. ಅವಳ ಬಗ್ಗೆ ಮಾತಾಡಲು ನನಗೆ ಇಲ್ಲಿ ಬೇರೆ ಯಾರೂ ಇಲ್ಲ.'